ಗಾಳದ ತುದಿಯ ಮಿಡತೆ

ಈ ಭಾಷಣದ ವಿಷಯವನ್ನು ಹೇಳಿದಾಗ ನಮ್ಮ ಮನೆಯವರೇ ನಕ್ಕರು. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು, ಅದರಲ್ಲಿಯೂ ಮೀನು ತಿನ್ನದ ಮನೆತನದಲ್ಲಿ ಹುಟ್ಟಿದವನು, ಗಾಳದ ಮೇಲೆ ಮಾತನಾಡುವುದೇ ಎಂದು ಅವರಿಗೆ ಸೋಜಿಗ. ಅವರ ನಗೆ ನ್ಯಾಯವಾದುದೇ. ಆದರೆ ನಾನು ಇಂದು ಹೇಳಹೊರಟಿರುವುದು ಮೀನಿನ ಸಂಗತಿಗಿಂತ ಹೆಚ್ಚಾಗಿ ತಿಳಿವಳಿಕೆಯ ಸಂಗತಿ. ಒಂದು ತಿಳಿವಳಿಕೆ ಯಾರ ಕೈಯಲ್ಲಿ ಹುಟ್ಟಿತು, ಯಾರ ಹೆಸರಿನಲ್ಲಿ ಗ್ರಂಥಕ್ಕೆ ಏರಿತು, ಯಾರ ಜೊತೆಯಲ್ಲಿ ಮಣ್ಣುಗೂಡಿತು ಎಂಬುದು ಸಾಹಿತ್ಯದ ವಿದ್ಯಾರ್ಥಿಗೂ ಹೊರಗಿನ ವಿಷಯವಲ್ಲ.

ನನ್ನ ಊರು ರಾಯಬಾಗ ತಾಲೂಕಿನ ಅಲಖನೂರ. ಕೃಷ್ಣೆ ನಮ್ಮ ಸೀಮೆಯ ಹೊಳೆ. ಸುಮಾರು 1969ರ ಮಾತು. ನನ್ನ ಸಹಪಾಠಿಯೊಬ್ಬ ಹೊಳೆದಂಡೆಯ ಹಳ್ಳಿಯ ಅಂಬಿಗರ ಮನೆಯವನು. ನಮ್ಮೂರಿನ ಸೋದರಮಾವನ ಮನೆಯಲ್ಲಿದ್ದು ಶಾಲೆ ಕಲಿಯುತ್ತಿದ್ದ. ದಸರೆಯ ರಜೆಯಲ್ಲಿ ಅವನು ತನ್ನ ಊರಿಗೆ ಹೊರಟರೆ ನಾನೂ ಬೆನ್ನುಹತ್ತುತ್ತಿದ್ದೆ. ಮಳೆಗಾಲ ಹಿಂಜರಿದು ಹೊಳೆ ತಿಳಿಯಾಗುವ ಹೊತ್ತು ಅದು. ದಂಡೆಯ ಹುಲ್ಲೆಲ್ಲ ಮೊಳಕಾಲೆತ್ತರ ಬೆಳೆದು ಮಿಡತೆಗಳಿಂದ ತುಂಬಿರುತ್ತಿತ್ತು. ನಮ್ಮ ಕಡೆ ಅದಕ್ಕೆ ಮಿಡಚಿ ಎನ್ನುತ್ತಾರೆ. ಬಿಸಿಲು ಏರಿದ ಮೇಲೆ ಮಿಡಚಿಯನ್ನು ಹಿಡಿಯುವುದು ಯಾರಿಗೂ ಸಾಧ್ಯವಿಲ್ಲ. ನನ್ನ ಗೆಳೆಯ ನಸುಕಿನಲ್ಲಿಯೇ ಏಳುತ್ತಿದ್ದ. ಇಬ್ಬನಿಯಲ್ಲಿ ತೊಯ್ದು ರೆಕ್ಕೆ ಭಾರವಾಗಿ ಹುಲ್ಲಿಗೆ ಅಂಟಿಕೊಂಡು ಕುಳಿತ ಮಿಡಚಿಗಳನ್ನು ಹಣ್ಣು ಕಿತ್ತಂತೆ ಕಿತ್ತು, ಬಾಯಿಗೆ ಬಟ್ಟೆ ಕಟ್ಟಿದ ಚರಿಗೆಯಲ್ಲಿ ಹಾಕಿಕೊಳ್ಳುತ್ತಿದ್ದ.

ಆಮೇಲೆ ಗಾಳ. ಮಿಡಚಿಯ ಎದೆಗೆ ಚುಚ್ಚದೆ, ಕುತ್ತಿಗೆಯ ಮೇಲಿನ ಗಟ್ಟಿ ಹೊದಿಕೆಯ ಅಡಿಯಲ್ಲಿ ಮೆಲ್ಲಗೆ ತೂರಿಸುತ್ತಿದ್ದ. ಹಾಗೆ ಮಾಡಿದರೆ ಅದು ಜೀವದಿಂದಿದ್ದು ನೀರಿನ ಮೇಲೆ ಕಾಲು ಬಡಿಯುತ್ತದೆ. “ಮಿಡಚಿ ಸತ್ತರ ಮೀನಕ್ಕ ಗೊತ್ತಾಕೈತಿ, ಅದು ಮ್ಯಾಲ ಬರೂದಿಲ್ಲ” ಎಂದು ಅವನು ನನಗೆ ಹೇಳಿಕೊಟ್ಟ. ಗುಂಡುಕಲ್ಲು ಕಟ್ಟದ ದಾರವನ್ನು ದಂಡೆಯ ಮಗ್ಗುಲಿಗೆ ಬಿಟ್ಟು, ಹರಿವಿನ ಜೊತೆ ತಾನಾಗಿ ತೇಲಿ ಹೋಗುವಂತೆ ಸಡಿಲಿಸುತ್ತಿದ್ದ. ಮೀನು ಹೊಳೆಯ ನಡುವೆ ಇರುವುದಿಲ್ಲ. ಗಾಳಿಗೆ ಹಾರಿ ಬೀಳುವ ಹುಳುವಿಗಾಗಿ ಹುಲ್ಲು ಬಾಗಿದ ದಂಡೆಯ ನೆರಳಿನಲ್ಲಿಯೇ ಕಾದಿರುತ್ತದೆ ಎಂಬುದು ಅವನ ಸಿದ್ಧಾಂತ. ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಅದರ ಎದುರು ದಂಡೆಗೆ ಹೋಗಿ ಕೂಡಬೇಕು ಎಂಬುದು ಅದರ ಉಪಸಿದ್ಧಾಂತ. ಗೆಂಡೆ ಮೀನುಗಳು ‘ಚಪ್’ ಎಂದು ಬಾಯಿ ಮಾಡಿ ಮಿಡಚಿಯನ್ನು ಎಳೆದುಕೊಳ್ಳುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಒಂದು ಬೇಸಗೆಯಲ್ಲಿ ಹುಲ್ಲು ಒಣಗಿ ಮಿಡಚಿ ಸಿಗದಾಯಿತು. ಅವನು ಜೋಳದ ದಂಟಿನ ಸಿಪ್ಪೆ ಸುಲಿದು ಒಳಗಿನ ಬೆಂಡನ್ನು ಕಿರುಬೆರಳಿನ ಅರ್ಧದಷ್ಟು ಕತ್ತರಿಸಿದ. ಅದನ್ನು ಗಾಳದ ಬೆನ್ನಿಗೆ ನೂಲಿನಿಂದ ಬಿಗಿದ. ಎರಡೂ ಮಗ್ಗುಲಿಗೆ ಹೇಂಟೆಯ ಕಂದು ಗರಿಯ ಎರಡು ತುಣುಕು ಇಟ್ಟು ಕಟ್ಟಿದ. ಹಿಂಗಾಲಿಗೆ ಕಸಬರಿಗೆಯ ಎರಡು ಕಡ್ಡಿ. ನಾನು ನಕ್ಕೆ. ಮೀನು ನಗಲಿಲ್ಲ, ಅದನ್ನು ನಿಜವಾದ ಮಿಡಚಿಯೆಂದೇ ನಂಬಿ ಮೇಲೆ ಬಂದಿತು. ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. “ಯಾರ ಕಲಸ್ತಾರ? ನಮ್ಮಪ್ಪ ಮಾಡತಿದ್ದ” ಎಂದ. ಅವನ ಇತಿಹಾಸ ಅಲ್ಲಿಗೆ ಮುಗಿಯಿತು. ನನ್ನದು ಅಲ್ಲಿಂದ ಮೊದಲಾಗಬೇಕಾಗಿತ್ತು, ಆಗಲಿಲ್ಲ. ಆ ಮಾತನ್ನು ಕೊನೆಗೆ ಹೇಳುತ್ತೇನೆ.

ಬಹಳ ವರ್ಷಗಳ ಮೇಲೆ, ಬೇರೆ ಯಾವುದೋ ಕೆಲಸಕ್ಕಾಗಿ ಗ್ರಂಥಾಲಯದಲ್ಲಿ ಕುಳಿತಾಗ ನನಗೆ ಪಾಶ್ಚಾತ್ಯರ ಮೀನುಬೇಟೆಯ ಇತಿಹಾಸ ಕಣ್ಣಿಗೆ ಬಿದ್ದಿತು. ಅವರಲ್ಲಿ ಇದು ಒಂದು ದೊಡ್ಡ ವಿದ್ಯೆ. ಕ್ರಿಸ್ತಶಕ 200ರ ಆಸುಪಾಸಿನಲ್ಲಿದ್ದ ಈಲಿಯನ್ ಎಂಬ ರೋಮಿನ ಗ್ರಂಥಕರ್ತ ಪ್ರಾಣಿಗಳ ಸ್ವಭಾವವನ್ನು ಕುರಿತು ಗ್ರೀಕ್ ಭಾಷೆಯಲ್ಲಿ ಬರೆದ ಪುಸ್ತಕದಲ್ಲಿ, ಮ್ಯಾಸಿಡೋನಿಯದ ಒಂದು ಹೊಳೆಯ ಜನ ಚುಕ್ಕೆಮೈಯ ಮೀನನ್ನು ಹಿಡಿಯುತ್ತಿದ್ದ ಬಗೆಯನ್ನು ವರ್ಣಿಸಿದ್ದಾನೆ. ಆ ಮೀನಿಗೆ ನೀರಿನ ಮೇಲೆ ಹಾರುವ ಒಂದು ನೊಣ ಪ್ರಿಯ. ಆದರೆ ಮನುಷ್ಯನ ಕೈ ತಾಗಿದರೆ ಆ ನೊಣದ ಬಣ್ಣ ಕೆಟ್ಟು ರೆಕ್ಕೆ ಬಾಡಿ ಮೀನಿಗೆ ಬೇಡವಾಗುತ್ತದೆ. ಆದಕಾರಣ ಆ ಜನ ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಜೋಲುಚರ್ಮದ ಅಡಿಯಲ್ಲಿ ಬೆಳೆಯುವ ಮೇಣದ ಬಣ್ಣದ ಎರಡು ಗರಿಗಳನ್ನು ಕಟ್ಟಿ ಮೀನಿಗೆ ಮೋಸಮಾಡುತ್ತಿದ್ದರಂತೆ. ನಿಜವಾದ ಹುಳು ಒದಗದೆ ಹೋದಾಗ ಹುಸಿಹುಳು ಹುಟ್ಟಿತೆಂಬ ಈ ಮಾತನ್ನು ಓದಿದಾಗ ನನಗೆ ಜೋಳದ ಬೆಂಡು ನೆನಪಾಯಿತು. ಮ್ಯಾಸಿಡೋನಿಯದ ಬೆಸ್ತನಿಗೂ ಕೃಷ್ಣಾತೀರದ ಅಂಬಿಗನಿಗೂ ಸಂಬಂಧವಿದ್ದಿರಲಾರದು. ಕೊರತೆಯೇ ಇಬ್ಬರಿಗೂ ಗುರು.

ಇಂಗ್ಲೆಂಡಿನಲ್ಲಿ 1496ರಲ್ಲಿ ಗಾಳವಿದ್ಯೆಯನ್ನು ಕುರಿತ ಒಂದು ಪ್ರಬಂಧ ಅಚ್ಚಾಯಿತು. ಜೂಲಿಯಾನಾ ಬರ್ನರ್ಸ್ ಎಂಬ ಸಂನ್ಯಾಸಿನಿಯ ಹೆಸರಿಗೆ ಅದನ್ನು ಹೊಂದಿಸುವ ಸಂಪ್ರದಾಯವಿದೆ. ಅದರಲ್ಲಿ ಹನ್ನೆರಡು ಬಗೆಯ ಹುಸಿನೊಣಗಳನ್ನು ಕಟ್ಟುವ ಕ್ರಮವುಂಟು. 1653ರಲ್ಲಿ ಐಜಾಕ್ ವಾಲ್ಟನ್ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ. 1676ರ ಆವೃತ್ತಿಗೆ ಅವನ ಗೆಳೆಯ ಚಾರ್ಲ್ಸ್ ಕಾಟನ್ ಬೆಟ್ಟದ ಝರಿಗಳಲ್ಲಿ ಹುಸಿನೊಣದಿಂದ ಟ್ರೌಟ್ ಮೀನನ್ನು ಹಿಡಿಯುವ ಭಾಗವನ್ನು ಸೇರಿಸಿದ. ಈ ವಿದ್ಯೆ ಅಮೆರಿಕೆಗೆ ಹೋದ ಮೇಲೆ ಅಲ್ಲಿ ಮಿಡತೆಗೆ ವಿಶೇಷ ಪಟ್ಟ ದೊರೆಯಿತು. ಬೇಸಗೆಯ ಕೊನೆಯಲ್ಲಿ ಅಲ್ಲಿನ ಪರ್ವತಗಳ ಹುಲ್ಲುಗಾವಲಿನಿಂದ ಮಿಡತೆಗಳು ಗಾಳಿಗೆ ಹಾರಿ ಝರಿಗಳಲ್ಲಿ ಬೀಳುತ್ತವೆ; ಟ್ರೌಟ್ ಮೀನು ದಂಡೆಯ ಅಂಚಿನಲ್ಲಿ ಹೊಂಚುಹಾಕುತ್ತದೆ. ನನ್ನ ಗೆಳೆಯನ ಸಿದ್ಧಾಂತವೂ ಉಪಸಿದ್ಧಾಂತವೂ ಅಲ್ಲಿ ಅಚ್ಚಿನಲ್ಲಿವೆ.

ಆ ದೇಶದ ಹುಸಿಮಿಡತೆಯ ಮೈಯನ್ನು ಹಳದಿಯ ನೂಲಿನಿಂದ ಸುತ್ತುತ್ತಾರೆ. ರೆಕ್ಕೆಗೆ ಟರ್ಕಿ ಕೋಳಿಯ ಗರಿ. ತಲೆಗೆ ಜಿಂಕೆಯ ಕೂದಲು. ಜಿಂಕೆಯ ಕೂದಲೇ ಏಕೆಂದರೆ ಅದರ ಒಳಗೆ ಗಾಳಿ ತುಂಬಿದ ಪೊಳ್ಳುಗಳಿರುತ್ತವೆ. ಗಾಳದ ಮೇಲಿಟ್ಟು ನೂಲು ಬಿಗಿದಾಗ ಅದು ಸುತ್ತಲೂ ಅರಳಿ ನಿಲ್ಲುತ್ತದೆ. ಕತ್ತರಿಯಿಂದ ಅದನ್ನು ಮಿಡತೆಯ ಮೊಂಡುತಲೆಯ ಆಕಾರಕ್ಕೆ ಕತ್ತರಿಸುತ್ತಾರೆ. ಅದು ನೀರಿನಲ್ಲಿ ಮುಳುಗುವುದಿಲ್ಲ. 1930ರ ದಶಕದಲ್ಲಿ ಡಾನ್ ಗೇಪನ್ ಎಂಬಾತ ಕೆನಡಾದ ನಿಪಿಗಾನ್ ಹೊಳೆಗಾಗಿ ಈ ಕ್ರಮದಲ್ಲಿ ಒಂದು ಹುಸಿಮೀನನ್ನು ಕಟ್ಟಿದ. ಅದನ್ನೇ ಜನ ನೀರಿನ ಮೇಲೆ ತೇಲಿಸಿ ಮಿಡತೆಯಾಗಿಯೂ ಬಳಸಿದರು. ಮುಂದೆ ಡೇವ್ ವಿಟ್‌ಲಾಕ್ ಎಂಬಾತ ಕಟ್ಟಿದ ಮಿಡತೆ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಜಿಂಕೆಯ ಕೂದಲು ಮಾಡುವ ಕೆಲಸವನ್ನೇ ನಮ್ಮಲ್ಲಿ ಜೋಳದ ಬೆಂಡು ಮಾಡುತ್ತಿತ್ತು. ವ್ಯತ್ಯಾಸವಿಷ್ಟೇ: ಅಲ್ಲಿ ಕಟ್ಟಿದವನ ಹೆಸರು ಉಳಿಯಿತು.

ಇನ್ನು ನಮ್ಮ ನಾಡಿಗೆ ಬರೋಣ. ಇಂಗ್ಲೆಂಡಿನ ಆ ಪ್ರಬಂಧ ಅಚ್ಚಾಗುವುದಕ್ಕೆ ಮುನ್ನೂರ ಅರವತ್ತಕ್ಕೂ ಮಿಕ್ಕ ವರ್ಷಗಳ ಹಿಂದೆ, ಕನ್ನಡ ನಾಡಿನ ಅರಸನೊಬ್ಬ ಗಾಳ ಹಾಕುವುದನ್ನು ಕುರಿತು ಒಂದು ಪೂರ್ಣ ಅಧ್ಯಾಯವನ್ನೇ ಬರೆದಿಟ್ಟಿದ್ದಾನೆಂಬ ಸಂಗತಿ ನಮ್ಮಲ್ಲಿ ಎಷ್ಟು ಜನಕ್ಕೆ ತಿಳಿದಿದೆ? ಆತ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗ, ಭೂಲೋಕಮಲ್ಲನೆಂದೂ ಸರ್ವಜ್ಞನೆಂದೂ ಬಿರುದುಗೊಂಡ ಮೂರನೆಯ ಸೋಮೇಶ್ವರ. 1126ರಿಂದ 1138ರವರೆಗೆ ಆಳಿದ. ನಮ್ಮ ಬೆಳಗಾವಿ ಸೀಮೆ, ಅಂದಿನ ಕೂಂಡಿ ಮೂರುಸಾವಿರ, ಆ ಮನೆತನದ ಸಾಮಂತರಾದ ರಟ್ಟರ ಆಳ್ವಿಕೆಯಲ್ಲಿತ್ತು. ಆದುದರಿಂದ ಸೋಮೇಶ್ವರ ನಮಗೆ ಪರಕೀಯನಲ್ಲ. ಕೃಷ್ಣೆಯ ನೀರೂ ಅವನಿಗೆ ಪರಕೀಯವಲ್ಲ.

ಅವನ ಗ್ರಂಥ ‘ಮಾನಸೋಲ್ಲಾಸ’, ಇನ್ನೊಂದು ಹೆಸರು ‘ಅಭಿಲಷಿತಾರ್ಥಚಿಂತಾಮಣಿ’. ಸಂಸ್ಕೃತದಲ್ಲಿದೆ, 1129ರ ಸುಮಾರಿಗೆ ರಚಿತವಾಯಿತೆಂದು ಎಣಿಕೆ. ಐದು ವಿಂಶತಿಗಳು, ಒಂದೊಂದಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯಗಳು. ರಾಜ್ಯವನ್ನು ಪಡೆಯುವುದು, ಪಡೆದುದನ್ನು ಭದ್ರಪಡಿಸುವುದು, ಉಪಭೋಗ, ವಿನೋದ, ಕ್ರೀಡೆ ಎಂದು ವಿಷಯಗಳು ಸಾಗುತ್ತವೆ. ಆನೆಯ ಪಳಗಿಸುವಿಕೆಯಿಂದ ಅಡಿಗೆಮನೆಯವರೆಗೆ, ಚಿತ್ರಕಲೆಯಿಂದ ಸಂಗೀತದವರೆಗೆ ಅದರಲ್ಲಿ ಇಲ್ಲದುದು ಕಡಿಮೆ. ಮೈಸೂರಿನಲ್ಲಿ 1926ರಲ್ಲಿ, ‘ಅರ್ಥಶಾಸ್ತ್ರ’ವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಅದರ ಒಂದು ಭಾಗವನ್ನು ಪ್ರಕಟಿಸಿದರು. ಬಡೋದೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರು 1925, 1939 ಮತ್ತು 1961ರಲ್ಲಿ ಮೂರು ಸಂಪುಟಗಳನ್ನು ಹೊರತಂದರು.

ನಾಲ್ಕನೆಯ ವಿಂಶತಿಯಲ್ಲಿ ‘ಮತ್ಸ್ಯವಿನೋದ’ವಿದೆ. ಕವಿಗಳ ವರ್ಣನೆಯಂತೆ ಅದು ಉಪಮೆಗಳ ಸಾಲಲ್ಲ. ಕೆಲಸ ಬಲ್ಲವನ ಮಾತು. ಸುಮಾರು 35 ಬಗೆಯ ಮೀನುಗಳನ್ನು ಅರಸ ಹೆಸರಿಸುತ್ತಾನೆ. ಅವನ್ನು ಬರಿದೆ ಎಣಿಸಿ ಬಿಡುವುದಿಲ್ಲ, ವಿಂಗಡಿಸುತ್ತಾನೆ. ಕಡಲಿನವು ಯಾವುವು, ಹೊಳೆಯವು ಯಾವುವು; ಹುರುಪೆಯುಳ್ಳವು ಯಾವುವು, ಬರಿಯ ತೊಗಲಿನವು ಯಾವುವು; ಗಾತ್ರದಲ್ಲಿ ಹಿರಿದು, ನಡುತರದ್ದು, ಕಿರಿದು ಯಾವುದು - ಹೀಗೆ. ಅನಂತರ ಯಾವ ಮೀನಿಗೆ ಯಾವ ಎರೆ ಎಂಬ ವಿವರ ಬರುತ್ತದೆ. ಹಿಟ್ಟಿನ ಉಂಡೆಗೆ ಬರುವ ಮೀನು ಮಾಂಸಕ್ಕೆ ಬರುವುದಿಲ್ಲ, ಮಾಂಸಕ್ಕೆ ಬರುವುದು ಹಿಟ್ಟಿಗೆ ಬರುವುದಿಲ್ಲ. ಗಾಳ ಹಾಕುವುದಕ್ಕೆ ಮೊದಲೇ ಒಂದು ಜಾಗದಲ್ಲಿ ಮೀನುಗಳಿಗೆ ಆಹಾರ ಹಾಕಿ ರೂಢಿಮಾಡಿಸುವ ಉಪಾಯವೂ ಅಲ್ಲಿದೆ. ಕೋಲು, ದಾರ, ಗಾಳಗಳ ವಿಚಾರವೂ ಉಂಟು.

ಈ ಅಧ್ಯಾಯದ ಮಹತ್ವವನ್ನು ಮೊದಲು ಲೋಕಕ್ಕೆ ತೋರಿಸಿದವರು ಸಾಹಿತ್ಯದ ಪಂಡಿತರಲ್ಲ, ಒಬ್ಬ ಮತ್ಸ್ಯವಿಜ್ಞಾನಿ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ ಹೋರಾ ಅವರು 1951ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ಕುರಿತು ಬರೆದು, ಅರಸ ಹೇಳಿದ ಮೀನುಗಳು ಇಂದಿನ ಯಾವ ಮೀನುಗಳೆಂದು ಗುರುತಿಸುವ ಪ್ರಯತ್ನ ಮಾಡಿದರು. ಮುಂದೆ 2005ರಲ್ಲಿ ನಳಿನಿ ಸಾಧಲೆ ಮತ್ತು ವೈ. ಎಲ್. ನೆನೆ ಅವರು ಈ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತೆಂದು ಎದೆ ತಟ್ಟಿಕೊಳ್ಳುವ ಚಪಲ ನನಗಿಲ್ಲ. ‘ಮತ್ಸ್ಯವಿನೋದ’ ಎರೆಯ ಶಾಸ್ತ್ರ. ಗರಿ ಕಟ್ಟಿದ ಹುಸಿನೊಣದ ಹಳೆಯ ವರ್ಣನೆಯ ಕೀರ್ತಿ ಈಲಿಯನ್ನನದೇ. ಹೆಸರುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಅರಸ ‘ರೋಹಿತ’ವೆಂದು ಬರೆದ ಕೂಡಲೇ ಅದು ಇಂದು ಸಂತೆಯಲ್ಲಿ ಮಾರುವ ರೋಹು ಎನ್ನುವಂತಿಲ್ಲ. ರೋಹು ಮೂಲತಃ ಗಂಗೆಯ ಬಯಲಿನ ಮೀನು. ದಖ್ಖಣದ ಹೊಳೆಗಳಿಗೆ ಅದನ್ನು ಮನುಷ್ಯರು ತಂದು ಬಿಟ್ಟದ್ದು ಈಚಿನ ಕಾಲದಲ್ಲಿ. ಕೆಂಪುಛಾಯೆಯ ನಮ್ಮದೇ ಬೇರೊಂದು ಮೀನಿಗೆ ಪಂಡಿತರು ಹಳೆಯ ಸಂಸ್ಕೃತ ಹೆಸರನ್ನು ತೊಡಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ರೋಹಿತ, ಪಾಠೀನ ಮುಂತಾದ ಕೆಲವನ್ನು ಬಿಟ್ಟರೆ, ಆ ಪಟ್ಟಿಯ ಹಲವು ಹೆಸರುಗಳು ಸಂಸ್ಕೃತದ ಕೋಶಗಳಲ್ಲಿ ಸುಲಭವಾಗಿ ಸಿಗುವಂಥವಲ್ಲ. ಅವುಗಳಿಗೆ ದೇಶ್ಯದ ವಾಸನೆಯಿದೆ. ಭಾಷೆಯ ವಿದ್ಯಾರ್ಥಿಯಾದ ನನಗೆ ಇಡೀ ಅಧ್ಯಾಯದಲ್ಲಿ ಬೆಲೆಯುಳ್ಳ ಸಂಗತಿ ಇದೇ. ಅರಮನೆಯಲ್ಲಿ ಕುಳಿತ ಚಕ್ರವರ್ತಿಗೆ ಈ ಹೆಸರುಗಳು ಎಲ್ಲಿಂದ ಬಂದವು? ತೊಗಲಿನ ಮೀನು ಕೆಸರಿನ ತಳದಲ್ಲಿರುತ್ತದೆ, ಈ ಮೀನು ಈ ಎರೆಗೆ ಮಾತ್ರ ಬಾಯಿ ಹಾಕುತ್ತದೆ ಎಂಬ ಅರಿವು ಸಿಂಹಾಸನದ ಮೇಲೆ ಹುಟ್ಟುವಂಥದಲ್ಲ. ಅದು ಸೊಂಟದ ನೀರಿನಲ್ಲಿ ನಿಂತು, ಇಡೀ ದಿನ ಕಾದು, ಬರಿಗೈಯಲ್ಲಿ ಮನೆಗೆ ಹೋಗಿ, ಮರುದಿನ ಮತ್ತೆ ಬಂದು ನಿಂತವರ ಅರಿವು. ಅರಸನ ಮಗ್ಗುಲಲ್ಲಿ ಒಬ್ಬ ಅಂಬಿಗ ನಿಂತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅರಸ ಕೇಳಿದ, ಅಂಬಿಗ ಹೇಳಿದ, ಲಿಪಿಕಾರ ಬರೆದುಕೊಂಡ. ಅರಸನಿಗೆ ಇದು ವಿನೋದ, ಹೇಳಿದವನಿಗೆ ಅನ್ನ. ಕೇಳಿದ ಅರಸನ ಹೆಸರು ಉಳಿಯಿತು. ಅಷ್ಟಾದರೂ ಅವನನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಅವನು ಕೇಳಿದ. ಕೇಳುವುದು ಅರಸರಲ್ಲಿ ವಿರಳವಾದ ಗುಣ. ಪ್ರಾಧ್ಯಾಪಕರಲ್ಲಿ ಇನ್ನೂ ವಿರಳ.

ಅದೇ ಕಲ್ಯಾಣದಲ್ಲಿ ಒಂದು ತಲೆಮಾರು ಕಳೆಯುವಷ್ಟರಲ್ಲಿ ಏನಾಯಿತೆಂಬುದು ನಿಮಗೆಲ್ಲ ತಿಳಿದದ್ದೇ. ಬಸವಣ್ಣನವರ ಸುತ್ತ ಕಾಯಕದ ಜನ ನೆರೆದರು. ಅಂಬಿಗ, ಮಡಿವಾಳ, ಸಮಗಾರ ಎಲ್ಲರೂ ತಮ್ಮ ಮಾತನ್ನು ತಾವೇ ಆಡತೊಡಗಿದರು. ಶರಣರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರೆ, ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ, ತನ್ನ ಕಾಯಕದೊಡನೆ, ಅಂಕಿತ ಮಾಡಿಕೊಂಡ. ಪಾಠ ಹೇಳುವಾಗ ಇದನ್ನು ಆತನ ನಿಷ್ಠುರ ಸ್ವಭಾವದ ಗುರುತೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ‘ಮತ್ಸ್ಯವಿನೋದ’ವನ್ನು ಓದಿದ ಮೇಲೆ ಬೇರೊಂದು ಅರ್ಥ ಹೊಳೆಯಿತು. ಹೆಸರಿಲ್ಲದೆ ಅರಸರ ಗ್ರಂಥಗಳಲ್ಲಿ ಕರಗಿಹೋದ ಅಂಬಿಗರ ಒಂದು ಕುಲವೇ ಇದ್ದ ಶತಮಾನದಲ್ಲಿ, ಒಬ್ಬ ಅಂಬಿಗ ತನ್ನ ಮಾತಿನ ಕೊನೆಗೆ ತನ್ನ ಹೆಸರನ್ನು ತಪ್ಪದೆ ಹೇಳಿದ. ಅದು ಸ್ವಭಾವಕ್ಕಿಂತ ದೊಡ್ಡದು.

ಬ್ರಿಟಿಷರ ಕಾಲಕ್ಕೆ ಗಾಳ ಮತ್ತೆ ದೊರೆಗಳ ಕೈಗೆ ಬಂದಿತು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬಾತ 1873ರಲ್ಲಿ ಭಾರತದ ಗಾಳವಿದ್ಯೆಯನ್ನು ಕುರಿತು ಒಂದು ಪುಸ್ತಕವನ್ನು ಮಂಗಳೂರಿನಲ್ಲಿ ಅಚ್ಚುಹಾಕಿಸಿದ. ಅದರ ನಾಯಕ ಮಾಸೀರ್ ಮೀನು, ನಮ್ಮ ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಯಾತ್ರಿಕರು ಮಂಡಕ್ಕಿ ಎಸೆಯುವ ದೇವರ ಮೀನಿನ ಬಳಗ. ಹುಸಿನೊಣದ ವಿದ್ಯೆಯನ್ನು ತನ್ನ ದೇಶದಿಂದ ತಂದ ಥಾಮಸ್ ಇಲ್ಲಿ ಕಡಲೆಯ ಕಾಳು, ಹಿಟ್ಟಿನ ಮುದ್ದೆಗಳನ್ನು ಗಾಳಕ್ಕೆ ಸಿಕ್ಕಿಸುವುದನ್ನು ವಿವರಿಸುತ್ತಾನೆ. ಸೋಮೇಶ್ವರನ ಎರೆಗಳು ಏಳೂವರೆ ಶತಮಾನ ದಾಟಿ ಬಂದಂತೆ ಕಾಣುತ್ತದೆ. ಸಣ್ಣ ಕಣ್ಣಿನ ಬಲೆಯಿಂದಲೂ ನೀರಿಗೆ ವಿಷ ಬೆರೆಸುವುದರಿಂದಲೂ ಮೀನಿನ ಸಂತಾನ ಹಾಳಾಗುತ್ತಿದೆಯೆಂದು ಎಚ್ಚರಿಸಿದವರಲ್ಲಿ ಥಾಮಸನೂ ಒಬ್ಬ. ಕೊನೆಗೆ 1897ರ ಮೀನುಗಾರಿಕೆಯ ಕಾಯಿದೆ ವಿಷವನ್ನೂ ಸಿಡಿಮದ್ದನ್ನೂ ನಿಷೇಧಿಸಿತು.

ಆದರೆ ದೊರೆಗಳಿಗೆ ನಮ್ಮ ಮೀನುಗಳು ಸಾಲಲಿಲ್ಲ; ಊರಿನ ಟ್ರೌಟ್ ಬೇಕಾಯಿತು. ಅದು ತಣ್ಣೀರಿನ ಮೀನು. ನಮ್ಮ ಬಯಲಿನ ಹೊಳೆಗಳಲ್ಲಿ ಒಂದು ಬೇಸಗೆಯನ್ನೂ ಕಳೆಯಲಾರದು. ಆದುದರಿಂದ ಎತ್ತರದ ಬೆಟ್ಟಗಳನ್ನು ಹುಡುಕಿದರು. ಕನ್ನಡದ ಸೋದರನುಡಿಯನ್ನಾಡುವ ಬಡಗರ ನೀಲಗಿರಿಯಲ್ಲಿ 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯ-ವಿಜ್ಞಾನಿ ಮಾಡಿದ ಪ್ರಯತ್ನ ಫಲಿಸಲಿಲ್ಲ. 1906-07ರ ಸುಮಾರಿಗೆ ಎಚ್. ಸಿ. ವಿಲ್ಸನ್ ಅವಲಾಂಚೆಯಲ್ಲಿ ಮರಿಮನೆ ಕಟ್ಟಿ ಕಾಮನಬಿಲ್ಲಿನ ಬಣ್ಣದ ಟ್ರೌಟ್ ಮೀನನ್ನು ನೆಲೆಗೊಳಿಸಿದ. ಕಾಶ್ಮೀರದಲ್ಲಿ 1900ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಮೊಟ್ಟೆಗಳು ಹೊರೆದುವು. ಕಡಲ ಮೇಲೆ ಸಾವಿರಾರು ಮೈಲಿ ಮೀನಿನ ಮೊಟ್ಟೆಗಳನ್ನು ತಂಪಿನಲ್ಲಿಟ್ಟು ತಂದ ಆ ಶ್ರದ್ಧೆ ಸಾಮಾನ್ಯವಲ್ಲ. ಅದರ ನೂರರಲ್ಲಿ ಒಂದು ಪಾಲು ಶ್ರದ್ಧೆ ಕಣ್ಣೆದುರಿನ ಮೀನಿನ ಮೇಲೆ ಬಿದ್ದಿದ್ದರೆ ಎನಿಸುತ್ತದೆ.

ಏಕೆ ಹೀಗೆ ಹೇಳುತ್ತೇನೆಂದರೆ, ಕಾವೇರಿಯ ಗೂನುಬೆನ್ನಿನ ಮಾಸೀರ್ ಜಗತ್ತಿನ ಗಾಳಗಾರರಿಗೆಲ್ಲ ಪ್ರಸಿದ್ಧ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ಒಂದು ಶತಮಾನಕ್ಕೂ ಮಿಕ್ಕು ದೂರದೇಶಗಳಿಂದ ಜನ ಬಂದು ಇದನ್ನು ಹಿಡಿದರು, ತೂಗಿದರು, ಚಿತ್ರ ತೆಗೆದರು. ಆದರೆ ಇದರ ಸರಿಯಾದ ಶಾಸ್ತ್ರೀಯ ಹೆಸರು ನಿಶ್ಚಯವಾದದ್ದು 2018ರಲ್ಲಿ. ಕಾವೇರಿಯ ಉಪನದಿಯಾದ ಕೇರಳದ ಪಾಂಬಾರಿನಿಂದ 2007ರಲ್ಲಿ ವರ್ಣಿಸಲಾಗಿದ್ದ ‘ಟಾರ್ ರೆಮಾದೇವಿ’ ಎಂಬ ಮೀನೂ ಇದೂ ಒಂದೇ ಎಂದು ಸಂಶೋಧಕರು ತೋರಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೂ ಸೇರಿತು. ಹೆಸರು ಬರುವುದಕ್ಕೂ ಉಸಿರು ಹೋಗುವುದಕ್ಕೂ ಒಂದೇ ಮುಹೂರ್ತ ಕೂಡಿಬಂದಂತಾಯಿತು.

ಹೇರಳವಾಗಿದೆಯೆಂಬುದೇ ಉಳಿಯುತ್ತದೆ ಎಂಬುದಕ್ಕೆ ಪ್ರಮಾಣವಲ್ಲ. ಅಮೆರಿಕೆಯ ಬಂಡೆಬೆಟ್ಟಗಳ ಮಿಡತೆ 1870ರ ದಶಕದಲ್ಲಿ ಸೂರ್ಯನನ್ನು ಮುಚ್ಚುವಷ್ಟು ದೊಡ್ಡ ದಂಡಾಗಿ ಹಾರಿ ಬೆಳೆಗಳನ್ನು ನುಂಗುತ್ತಿತ್ತು. ಅದರ ಮರಿಗಳು ಹುಟ್ಟುತ್ತಿದ್ದ ಹೊಳೆಯ ದಂಡೆಗಳನ್ನು ಜನ ಉತ್ತು ಬಿತ್ತಿದರು. 1902ರ ತರುವಾಯ ಆ ಜಾತಿಯ ಒಂದು ಜೀವಂತ ಹುಳುವನ್ನೂ ಯಾರೂ ಹಿಡಿದಿಲ್ಲ. ನಮ್ಮ ಸೀಮೆಯಲ್ಲಿ ಜೋಳದ ಹೊಲಗಳು ಕಬ್ಬಿನ ಹೊಲಗಳಾದವು. ದಂಡೆಯವರೆಗೂ ಕಬ್ಬು ಬಂದಿತು, ಅದರ ಜೊತೆ ಗೊಬ್ಬರ, ಔಷಧಿಗಳೂ ಬಂದವು. ಹುಲ್ಲಿನ ಅಂಚು ಹೋದ ಕಡೆ ಮಿಡಚಿ ಎಲ್ಲಿಯದು? 1952ರಲ್ಲಿ ಭಾರತಕ್ಕೆ ತಂದ ಆಫ್ರಿಕೆಯ ತಿಲಾಪಿಯಾ ಈಗ ಕೆರೆಹೊಳೆಗಳಲ್ಲಿ ಮನೆಮಾಡಿದೆ. ಕಬ್ಬು ಬೆಳೆದವರನ್ನು ನಾನು ದೂರುವುದಿಲ್ಲ. ಅದರಿಂದ ಊರಿನ ಮಕ್ಕಳು ಕಲಿತರು. ಮಾಡಿಗೆ ಹಂಚು ಬಂದಿತು. ಹೋದುದನ್ನು ಹೋಯಿತೆಂದು ಎಣಿಸಬೇಕೆಂಬುದಷ್ಟೇ ನನ್ನ ಮಾತು.

ಈಗ ಕೊನೆಗೆ ಹೇಳುತ್ತೇನೆಂದ ಮಾತು. ‘ಮಾನಸೋಲ್ಲಾಸ’ದ ಮೀನಿನ ಹೆಸರುಗಳ ಮೇಲೆ ನಾನು ಅನೇಕ ವರ್ಷ ಟಿಪ್ಪಣಿ ಮಾಡಿದೆ. ಒಂದೊಂದು ಹೆಸರಿಗೂ ಮರಾಠಿ, ತೆಲುಗು, ತುಳು ಕೋಶಗಳನ್ನು ತಿರುವಿಹಾಕಿದೆ. ಅರಸನ ಮೂಲ ಮಾಹಿತಿದಾರ ಅಂಬಿಗನೇ ಎಂದು ವಾದಿಸಿ ವಿಚಾರಗೋಷ್ಠಿಯಲ್ಲಿ ಪ್ರಬಂಧ ಓದಿದೆ; ಚಪ್ಪಾಳೆಯೂ ದೊರೆಯಿತು. ಆ ಅವಧಿಯಲ್ಲೆಲ್ಲ ನನ್ನ ಗೆಳೆಯ ಹೊಳೆದಂಡೆಯಲ್ಲಿಯೇ ಇದ್ದ. ಜಾತ್ರೆಯಲ್ಲಿ, ಮದುವೆಯಲ್ಲಿ ಸಿಕ್ಕಾಗ “ಆರಾಮ ಅದೀರಿ ಸರ?” ಎಂದು ಕೇಳುತ್ತಿದ್ದ. ಏಕವಚನದಲ್ಲಿ ಕರೆಯುತ್ತಿದ್ದವನು ಯಾವಾಗ ‘ಸರ’ ಎನ್ನತೊಡಗಿದನೋ ನಾನು ಗಮನಿಸಲಿಲ್ಲ. ಈ ಮೀನಿಗೆ ನಿಮ್ಮ ಕಡೆ ಏನೆನ್ನುತ್ತಾರೆ ಎಂದು ಅವನನ್ನು ಒಂದು ಸಲವೂ ಕೇಳಲಿಲ್ಲ. ಕಲಬುರಗಿಗೆ ಹೋದೆ, ಮೈಸೂರಿಗೆ ಹೋದೆ, ಪುಣೆಗೆ ಹೋದೆ. ಊರ ಪಕ್ಕದ ಹೊಳೆಗೆ ಹೋಗಲಿಲ್ಲ.

ನಿವೃತ್ತನಾದ ಮೇಲೆ, 2019ರ ಚಳಿಗಾಲದಲ್ಲಿ, ಅರಸನ 35 ಹೆಸರುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡು, ಎದುರಿಗೆ ಖಾಲಿ ಸಾಲು ಬಿಟ್ಟುಕೊಂಡು ಅವನ ಊರಿಗೆ ಹೋದೆ. ಅವನು ಹಿಂದಿನ ವರ್ಷವೇ ತೀರಿಕೊಂಡಿದ್ದ. ಆ ವರ್ಷದ ಆಗಸ್ಟಿನ ಮಹಾಪೂರದಲ್ಲಿ ಹಳೆಯ ಮನೆಯ ಗೋಡೆ ಕುಸಿದು, ಅಟ್ಟದ ಮೇಲಿದ್ದ ಕೋಲು, ಬಲೆ, ಗಾಳದ ಡಬ್ಬಿ ಎಲ್ಲ ನೀರುಪಾಲಾಗಿತ್ತು. ಮಗ ಕಬ್ಬಿನ ಟ್ರ್ಯಾಕ್ಟರು ಹೊಡೆಯುತ್ತಾನೆ. ನನ್ನನ್ನು ಕೂರಿಸಿ ಚಹ ಕೊಟ್ಟ. ತನಗೆ ತಿಳಿದಷ್ಟು ಮೀನಿನ ಹೆಸರು ನೆನಪಿಸಿಕೊಂಡು ಹೇಳಿದ. ನಾಲ್ಕು. ನಾಲ್ಕನ್ನೂ ಬರೆದುಕೊಂಡೆ. “ಅಪ್ಪಗ ಭಾಳ ಗೊತ್ತಿದ್ದೂವ್ರಿ. ನಾವು ಕೇಳಲಿಲ್ಲ” ಎಂದ. ಅವನು ‘ನಾವು’ ಎಂದಾಗ ನನ್ನನ್ನು ಸೇರಿಸಿ ಹೇಳಲಿಲ್ಲ, ನಾನೇ ಸೇರಿಕೊಂಡೆ.

ಆ ಮೇಲೆ ನಾನು ಬೇರೆ ಹಳ್ಳಿಗಳಿಗೂ ಹೋಗಲು ಮೊದಲುಮಾಡಿದೆ. ಕೃಷ್ಣೆಯ ದಂಡೆಯಲ್ಲಿ ಎಂಬತ್ತು ದಾಟಿದ ಕೆಲವರು ಇನ್ನೂ ಇದ್ದಾರೆ. ಒಬ್ಬ ಅಜ್ಜ ಮೀನಿನ ಹೆಸರನ್ನು ಹೇಳುವಾಗ ಕೈಯಲ್ಲಿ ಅದರ ಉದ್ದ ತೋರಿಸಿ, ಅದು ನೀರಿನಲ್ಲಿ ಹೊರಳುವ ಬಗೆಯನ್ನು ಅಂಗೈ ಮಗುಚಿ ತೋರಿಸಿದ. ಆ ಅಂಗೈಯನ್ನು ನಾನು ಯಾವ ಕೋಶದಲ್ಲಿ ಬರೆಯಲಿ? ಆದರೂ ಬರೆಯುತ್ತಿದ್ದೇನೆ. ನನ್ನ ಪುಸ್ತಕದಲ್ಲಿ ಹೆಸರಿನ ಎದುರಿಗೆ ಅದನ್ನು ಹೇಳಿದವರ ಹೆಸರನ್ನೂ ಊರನ್ನೂ, ಅವರ ಒಪ್ಪಿಗೆ ಪಡೆದು, ತಪ್ಪದೆ ಬರೆಯುತ್ತೇನೆ. ಇಷ್ಟನ್ನು ಚೌಡಯ್ಯನಿಂದ ಕಲಿತೆ.

ಕೇಳುಗರಲ್ಲಿ ಕಾಲೇಜಿನ ವಿದ್ಯಾರ್ಥಿಗಳು, ಶಾಲೆಯ ಮಾಸ್ತರರು ಇದ್ದರೆ ಅವರಲ್ಲಿ ಒಂದು ವಿನಂತಿ. ನಿಮ್ಮ ಊರಿನಲ್ಲಿ ಹೊಳೆಯೋ ಕೆರೆಯೋ ಇದ್ದರೆ, ಅದರಲ್ಲಿ ಬಾಳಿದವರು ಒಬ್ಬರಾದರೂ ಇದ್ದರೆ, ಮುಂದಿನ ರಜೆಗೆ ಕಾಯದೆ ಹೋಗಿ ಕೇಳಿರಿ. ಸೋಮೇಶ್ವರ ಚಕ್ರವರ್ತಿಗೆ ಅದು ಕೀಳೆನಿಸಲಿಲ್ಲ; ನಮಗೂ ಎನಿಸಬೇಕಾಗಿಲ್ಲ.

ಮೊನ್ನೆ ಮೊಮ್ಮಗನಿಗಾಗಿ ಜೋಳದ ದಂಟು ತರಿಸಿ, ಬೆಂಡು ಕತ್ತರಿಸಿ, ಗರಿ ಇಟ್ಟು ನೂಲು ಸುತ್ತಿದೆ. ಗಾಳ ಇಡಲಿಲ್ಲ, ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ. ಬಕೆಟ್ಟಿನ ನೀರಿನಲ್ಲಿ ಬಿಟ್ಟಾಗ ಮಿಡಚಿ ಒಂದು ಮಗ್ಗುಲಿಗೆ ವಾಲಿತು. ಅದು ನೆಟ್ಟಗೆ ನಿಲ್ಲುವಂತೆ ಅವನು ಏನನ್ನು ಎಲ್ಲಿ ಕಟ್ಟುತ್ತಿದ್ದನೆಂಬುದು ನನಗೆ ಎಷ್ಟು ನೆನೆದರೂ ನೆನಪಾಗಲಿಲ್ಲ.



(ಬಾನುಲಿ ಭಾಷಣದ ಬರಹರೂಪ)